ಎರಡೂ ಕಡೆ ನಾವೇ ಹಣ ಇಟ್ಟರೆ ನಷ್ಟ ಎಲ್ಲಿಂದ?

"ಭಾವ, ಎರಡೂ ಕಡೆಗೆ ನಾವೇ ಹಣ ಇಡುವುದಲ್ವಾ? ಯಾರು ಗೆದ್ದರೂ ನಮಗೆ ಕಮಿಷನ್ ಉಂಟು. ಮತ್ತೆ ನಷ್ಟ ಎಲ್ಲಿಂದ?"

ದುಬೈಯಲ್ಲಿರುವ ತಂಗಿಯ ಗಂಡ ಫೋನ್ ಮಾಡಿ ಇದನ್ನು ಕೇಳಿದ. ಅವನೊಬ್ಬನೇ ಅಲ್ಲ. ನಾನು ಮಂಗಳೂರಿನ ಕದ್ರಿಯ ಮನೆಯಲ್ಲಿ ಕೂತು ಬ್ಲಾಕ್‌ಚೈನ್, ಅಂದರೆ ಕ್ರಿಪ್ಟೋ ವ್ಯವಹಾರದ ಲೆಕ್ಕ ಇಡುವ ವ್ಯವಸ್ಥೆಯ ಕೋಡ್ ಪರಿಶೀಲಿಸುವ ಕೆಲಸ ಮಾಡುತ್ತೇನೆ. ಹಾಗಾಗಿ ಮದುವೆ, ಕೋಲ, ಎಲ್ಲಿ ಹೋದರೂ ಒಬ್ಬರಾದರೂ ಪಕ್ಕಕ್ಕೆ ಕರೆದು ಕೇಳುತ್ತಾರೆ: ಕ್ರಿಪ್ಟೋ ಪ್ರಿಡಿಕ್ಷನ್ ಮಾರ್ಕೆಟಿಗೆ ಲಿಕ್ವಿಡಿಟಿ ಕೊಟ್ಟರೆ ಒಳ್ಳೆ ಆದಾಯವಂತೆ, ಹೌದಾ?

ವಿಷಯ ಇಷ್ಟು. ಪ್ರಿಡಿಕ್ಷನ್ ಮಾರ್ಕೆಟಿನಲ್ಲಿ ಒಂದು ಪ್ರಶ್ನೆ ಇರುತ್ತದೆ. ಅದಕ್ಕೆ 'ಯೆಸ್' ಮತ್ತು 'ನೋ' ಎಂಬ ಎರಡು ಟೋಕನ್. ಉತ್ತರ ಗೊತ್ತಾದ ದಿನ ಸರಿಯಾದ ಟೋಕನ್‌ಗೆ ಒಂದು ಡಾಲರ್ ಸಿಗುತ್ತದೆ, ಇನ್ನೊಂದಕ್ಕೆ ಸೊನ್ನೆ. ಅಲ್ಲಿಯವರೆಗೆ ಎರಡನ್ನೂ ಕೊಂಡು ಮಾರಬಹುದು. ಯೆಸ್ 70 ಸೆಂಟ್ಸಿಗೆ ಹೋಗುತ್ತಿದ್ದರೆ, ಆಗುವ ಸಾಧ್ಯತೆ 70 ಪರ್ಸೆಂಟ್ ಎಂದು ಜನ ಅಂದಾಜು ಮಾಡಿದ್ದಾರೆ ಎಂದರ್ಥ. ಆದರೆ ಕೊಳ್ಳಲು ಬಂದ ಹೊತ್ತಿಗೆ ಮಾರುವವರು ಇರಬೇಕಲ್ಲ? ಯಾರು ಬಂದರೂ, ಯಾವ ಕಡೆ ಕೇಳಿದರೂ ಕೊಡಲು ಮೊದಲೇ ಸರಕು ತುಂಬಿ ಇಡುವುದಕ್ಕೆ ಲಿಕ್ವಿಡಿಟಿ ಕೊಡುವುದು ಎನ್ನುತ್ತಾರೆ. ಆ ಸರಕು ತುಂಬಿದ, ಕೋಡ್ ನಡೆಸುವ ದಾಸ್ತಾನಿಗೆ ಪೂಲ್ ಎಂದು ಹೆಸರು. ಅದಕ್ಕೆ ಪ್ರತಿಯಾಗಿ ಪ್ರತಿ ವ್ಯಾಪಾರದಿಂದ ಸಣ್ಣ ಶುಲ್ಕ ಸಿಗುತ್ತದೆ.

ಈ ಪ್ರಶ್ನೆ ನಮ್ಮ ಊರಿನವರಿಗೆ ಯಾಕೆ ಇಷ್ಟು ಸಹಜ ಎಂದು ನನಗೆ ಅರ್ಥವಾಗುತ್ತದೆ. ನಾವು ಬ್ಯಾಂಕುಗಳ ಊರಿನವರು. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲೇ ಪಿಗ್ಮಿ ಶುರು ಮಾಡಿತು. ದಿನಾ ಎರಡಾಣೆ ಕೊಟ್ಟರೂ ಮನೆ ಬಾಗಿಲಿಗೆ ಬಂದು ತೆಗೆದುಕೊಳ್ಳುತ್ತಿದ್ದರು. ಹಣ ಇಟ್ಟರೆ ಬಡ್ಡಿ ಬರುತ್ತದೆ, ಅಸಲು ಹಾಗೇ ಇರುತ್ತದೆ ಎನ್ನುವುದು ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. 'ಪೂಲ್‌ಗೆ ಹಣ ಹಾಕಿ, ಶುಲ್ಕ ಪಡೆಯಿರಿ' ಎಂದ ಕೂಡಲೇ ಅದು ಡೆಪಾಸಿಟ್‌ನಂತೆ ಕೇಳಿಸುತ್ತದೆ. ಇದು ಡೆಪಾಸಿಟ್ ಅಲ್ಲ. ಇಲ್ಲಿ ಅಸಲೇ ಕರಗುತ್ತದೆ.

ಹೇಗೆ ಎಂದು ಮಳೆಯ ಲೆಕ್ಕದಲ್ಲೇ ಹೇಳುತ್ತೇನೆ.

ಮುಂಗಾರು ಕೇರಳಕ್ಕೆ ಬಂತು ಎಂದು ಹವಾಮಾನ ಇಲಾಖೆ ಸುಮ್ನೆ ಆಕಾಶ ನೋಡಿ ಹೇಳುವುದಿಲ್ಲ. ಅದಕ್ಕೆ 14 ಮಳೆಮಾಪನ ಕೇಂದ್ರಗಳಿವೆ. ಮೇ 10ರ ನಂತರ ಅವುಗಳಲ್ಲಿ 60 ಪರ್ಸೆಂಟ್ ಕಡೆ ಎರಡು ದಿನ ಬಿಡದೆ 2.5 ಮಿಲಿಮೀಟರ್ ಅಥವಾ ಅದಕ್ಕಿಂತ ಜಾಸ್ತಿ ಮಳೆ ಬೀಳಬೇಕು. ಗಾಳಿಯದ್ದೂ ಮೋಡದ್ದೂ ಬೇರೆ ಲೆಕ್ಕ ಉಂಟು. ಆ 14ರಲ್ಲಿ ಒಂದು ನಮ್ಮ ಮಂಗಳೂರು. ಕೇರಳದ ಮಳೆಗಾಲ ಶುರುವಾಯಿತೋ ಇಲ್ಲವೋ ಎಂದು ಹೇಳುವುದರಲ್ಲಿ ನಮ್ಮ ಊರಿನ ಮಳೆಗೂ ಒಂದು ಮಾತು ಇದೆ! ನನಗೆ ಇದು ಗೊತ್ತಾದಾಗ ಬಹಳ ಖುಷಿಯಾಗಿತ್ತು.

2025ರಲ್ಲಿ ಇಲಾಖೆ ಮೇ 27ರ ಸುಮಾರಿಗೆ ಬರಬಹುದು, ನಾಲ್ಕು ದಿನ ಆಚೆ ಈಚೆ ಆಗಬಹುದು ಎಂದಿತ್ತು. ಬಂದದ್ದು ಮೇ 24ಕ್ಕೆ. ಆಗ 'ಮೇ 25ರ ಒಳಗೆ ಬರುತ್ತದಾ?' ಎಂಬ ಮಾರ್ಕೆಟ್ ಇತ್ತು ಎಂದು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಬೆಲೆ 50 ಸೆಂಟ್ಸ್. ನೀವು 100 ಡಾಲರ್ ಪೂಲ್‌ಗೆ ಹಾಕಿದಿರಿ. ಕೋಡ್ ಅದನ್ನು ಡಾಲರಿಗೆ ಒಂದು ಯೆಸ್, ಒಂದು ನೋ ಎಂದು 100 ಯೆಸ್, 100 ನೋ ಮಾಡಿ ಇಡುತ್ತದೆ. ಹಳೆಯ, ಸರಳ ಪೂಲ್‌ಗಳ ನಿಯಮ ಒಂದೇ: ಎರಡರ ಗುಣಲಬ್ಧ ಬದಲಾಗಬಾರದು. 100 ಗುಣಿಸು 100, ಹತ್ತು ಸಾವಿರ.

ಮೊದಲ ದಿನದ ಮಳೆಯ ಅಂಕಿಗಳನ್ನು ಒಬ್ಬ ನೋಡುತ್ತಾನೆ. ಒಂಬತ್ತು ಹತ್ತು ಕೇಂದ್ರಗಳಲ್ಲಿ ಬಿದ್ದಿದೆ. ನಾಳೆಯೂ ಬೀಳುವ ಹಾಗೆ ಕಾಣುತ್ತಿದೆ. ಅವನು ಯೆಸ್ ಕೊಳ್ಳುತ್ತಾನೆ. ಅವನ ಡಾಲರ್‌ಗಳನ್ನೂ ಕೋಡ್ ಹಾಗೆಯೇ ಯೆಸ್, ನೋ ಮಾಡುತ್ತದೆ. ಯೆಸ್ ಅವನಿಗೆ, ನೋ ಪೂಲ್‌ಗೆ. ಪೂಲ್ ಕೂಡ ತನ್ನ ಯೆಸ್ ಕೊಡುತ್ತಾ ಹೋಗುತ್ತದೆ, ಬದಲಿಗೆ ಅದರೊಳಗೆ ನೋ ತುಂಬುತ್ತಾ ಹೋಗುತ್ತದೆ. ಬೆಲೆ 90 ಸೆಂಟ್ಸ್ ಆಗುವಾಗ ಒಳಗೆ ಉಳಿದಿರುವುದು 33 ಯೆಸ್, 300 ನೋ. ಯೆಸ್‌ಗೆ 90 ಸೆಂಟ್ಸ್, ನೋಗೆ 10 ಸೆಂಟ್ಸ್ ಎಂದು ಲೆಕ್ಕ ಹಾಕಿದರೆ ಎರಡೂ ಸೇರಿ 60 ಡಾಲರ್ ಬೆಲೆ. 99 ಸೆಂಟ್ಸ್ ಆಗುವಾಗ ಸುಮಾರು 10 ಯೆಸ್, 995 ನೋ. ಬೆಲೆ 20 ಡಾಲರ್. ಇಲಾಖೆ 'ಬಂತು' ಎಂದ ಮೇಲೆ ಆ ನೋಗಳೆಲ್ಲಾ ಸೊನ್ನೆ. ನಿಮ್ಮ 100 ಡಾಲರ್‌ನಲ್ಲಿ ಕೈಗೆ ಬರುವುದು 10.

ತಂಗಿಯ ಗಂಡನಿಗೆ ನಾನು ಹೇಳಿದ್ದು ಇದನ್ನೇ. ಎರಡೂ ಕಡೆಗೆ ಹಣ ಇಡುವುದು ಮೊದಲ ನಿಮಿಷ ಮಾತ್ರ. ಅಲ್ಲಿಂದ ಮುಂದೆ ಗೆಲ್ಲುವ ಕಡೆಯನ್ನು ಜನ ಒಯ್ಯುತ್ತಾರೆ, ಸೋಲುವ ಕಡೆ ನಿಮ್ಮ ಹತ್ತಿರ ಉಳಿಯುತ್ತದೆ.

ರಥಬೀದಿಯಲ್ಲಿ ಮಲ್ಲಿಗೆ ಮಾರುವವರನ್ನು ನೋಡಿ. ಶಂಕರಪುರದ ಮಲ್ಲಿಗೆಗೆ ದಿನದಿನಕ್ಕೆ ಬೇರೆ ಬೆಲೆ. ಮದುವೆ ಜಾಸ್ತಿ ಇದ್ದ ದಿನ ಅಟ್ಟೆಯ (ಕಟ್ಟಿದ ಮಲ್ಲಿಗೆಯ ಅಳತೆ) ಬೆಲೆ ಏರುತ್ತದೆ. ಆದರೆ ಎಷ್ಟೇ ಬೆಲೆ ಇದ್ದರೂ ಮಾರುವವರಿಗೆ ಒಂದು ಗೊತ್ತಿರುತ್ತದೆ: ನಾಳೆ ಬೆಳಿಗ್ಗೆ ಈ ಹೂವಿಗೆ ಬೆಲೆ ಇಲ್ಲ. ಹಾಗಾಗಿ ಸಂಜೆ ಆಗುತ್ತಾ ಬಂದಂತೆ ಸರಕು ಕಡಿಮೆ ಮಾಡುತ್ತಾ ಬರುತ್ತಾರೆ. ಪೂಲ್ ಮಾಡುವುದು ಇದಕ್ಕೆ ಸರಿಯಾಗಿ ಉಲ್ಟಾ. ಹೊತ್ತು ಮುಳುಗುವಾಗ ಯಾರಾದರೂ ಬಾಡಿದ ಹೂ ತಂದು ಕೊಟ್ಟರೆ ಅದನ್ನು ತೆಗೆದುಕೊಂಡು ತಾಜಾ ಮೊಗ್ಗು ಕೊಡುತ್ತದೆ. ಅದಕ್ಕೆ ಹೊತ್ತು ಗೊತ್ತಾಗುವುದಿಲ್ಲ. ಕೋಡ್‌ಗೆ ಗುಣಾಕಾರ ಮಾತ್ರ ಗೊತ್ತು.

ಶುಲ್ಕ ಉಂಟಲ್ಲ ಎನ್ನಬಹುದು. ಉಂಟು. 2 ಪರ್ಸೆಂಟ್ ಎಂದಿಟ್ಟುಕೊಳ್ಳಿ. ಬೆಲೆಯನ್ನು 50ರಿಂದ 90ಕ್ಕೆ ಒಯ್ಯಲು ಆ ಮನುಷ್ಯ 200 ಡಾಲರ್ ಹಾಕಬೇಕು. ಅದರ ಶುಲ್ಕ 4 ಡಾಲರ್. ನಿಮ್ಮ ನಷ್ಟ 40. ಅದು ತುಂಬಬೇಕಾದರೆ ಒಟ್ಟು 2,000 ಡಾಲರ್ ವ್ಯಾಪಾರ ಆಗಬೇಕು. ಅಂದರೆ ಉಳಿದ 1,800 ಡಾಲರ್ ಜನ ಹಿಂದೆ ಮುಂದೆ ಎಳೆದಾಡಿದ್ದರಿಂದ ಬರಬೇಕು. ಒಬ್ಬ ಬರುತ್ತದೆ ಎನ್ನಬೇಕು, ಇನ್ನೊಬ್ಬ ಇಲ್ಲ ಎನ್ನಬೇಕು, ಬೆಲೆ ಏರಿ ಇಳಿದು ಅಲ್ಲಲ್ಲೇ ಸುತ್ತಬೇಕು. ಲಿಕ್ವಿಡಿಟಿ ಕೊಡುವವರ ಊಟ ಇರುವುದು ಜನರ ಜಗಳದಲ್ಲಿ. ಎಲ್ಲರಿಗೂ ಒಟ್ಟಿಗೆ ಉತ್ತರ ಗೊತ್ತಾಗುವ ಪ್ರಶ್ನೆಯಲ್ಲಿ ಊಟ ಇಲ್ಲ.

ಒಂದು ಹೆಸರಿನ ಮೇಲೆ ನನಗೆ ನಿಜವಾಗಿ ಸಿಟ್ಟಿದೆ. ಕ್ರಿಪ್ಟೋದವರು ಈ ನಷ್ಟಕ್ಕೆ 'ಇಂಪರ್ಮನೆಂಟ್ ಲಾಸ್' ಎನ್ನುತ್ತಾರೆ, ತಾತ್ಕಾಲಿಕ ನಷ್ಟ ಎಂದು. ಎರಡು ಸಾಮಾನ್ಯ ನಾಣ್ಯಗಳ ಪೂಲ್‌ನಲ್ಲಿ ಅದು ಸರಿ ಇರಬಹುದು, ಬೆಲೆ ತಿರುಗಿ ಬಂದರೆ ನಷ್ಟವೂ ಹೋಗುತ್ತದೆ. ಇಲ್ಲಿ ಒಂದು ದಿನ ಪ್ರಶ್ನೆ ಮುಗಿಯುತ್ತದೆ. ಒಂದು ಟೋಕನ್ ಸತ್ತೇ ಹೋಗುತ್ತದೆ. ತಿರುಗಿ ಬರುವುದು ಎಂಬುದೇ ಇಲ್ಲ. ಹೊಸಬರಿಗೆ ಈ ಹೆಸರು ಹೇಳಿ ಹಣ ಹಾಕಿಸುವುದು ತಪ್ಪು.

ನಾನು ಇದನ್ನು ನಿಜ ಹಣದಲ್ಲಿ ಮಾಡಿಲ್ಲ. ಟೆಸ್ಟ್‌ನೆಟ್ ಎಂದು ಇರುತ್ತದೆ, ಬೆಲೆಯಿಲ್ಲದ ಟೋಕನ್‌ಗಳಲ್ಲಿ ಕೋಡ್ ಓಡಿಸಿ ನೋಡುವ ಜಾಗ. ಅಲ್ಲಿ ಪೂಲ್ ಇಟ್ಟು ನೋಡಿದ್ದೇನೆ. ಕೊನೆಯ ಗಂಟೆಯವರೆಗೆ ಬಿಟ್ಟ ಪೂಲ್ ಒಂದೂ ಉಳಿಯಲಿಲ್ಲ.

ಈಗ ದೊಡ್ಡ ಮಾರ್ಕೆಟ್‌ಗಳು ಇಂಥ ಪೂಲ್ ಬಿಟ್ಟಿವೆ. 2020ರಲ್ಲಿ ಶುರುವಾದ ಪಾಲಿಮಾರ್ಕೆಟ್ ಕೂಡ ಮೊದಲು ಪೂಲ್ ಇಟ್ಟು ಆಮೇಲೆ ಆರ್ಡರ್ ಬುಕ್‌ಗೆ ಬಂತು. 2024ರ ಅಮೆರಿಕ ಅಧ್ಯಕ್ಷ ಚುನಾವಣೆಯ ಒಂದೇ ಪ್ರಶ್ನೆಯ ಮೇಲೆ ಅಲ್ಲಿ 300 ಕೋಟಿ ಡಾಲರ್‌ಗೂ ಜಾಸ್ತಿ ವ್ಯಾಪಾರ ನಡೆಯಿತು. ಆರ್ಡರ್ ಬುಕ್‌ನಲ್ಲಿ ಬೆಲೆ ನೀವೇ ಹೇಳುತ್ತೀರಿ. ಯೆಸ್ 48 ಸೆಂಟ್ಸಿಗೆ ಕೊಳ್ಳುತ್ತೇನೆ, ನೋ ಕೂಡ 48ಕ್ಕೆ ಕೊಳ್ಳುತ್ತೇನೆ ಎಂದು ಆರ್ಡರ್ ಇಡುತ್ತೀರಿ. ಎರಡೂ ಸಿಕ್ಕಿದರೆ 96 ಸೆಂಟ್ಸಿಗೆ ಒಂದು ಡಾಲರ್. ನಡುವಿನ ಬೆಲೆಗೆ ಹತ್ತಿರ ಆರ್ಡರ್ ಇಟ್ಟವರಿಗೆ ಮಾರ್ಕೆಟ್ ಬೇರೆ ಬಹುಮಾನವನ್ನೂ ಕೊಡುತ್ತದೆ. ಆದರೆ ಸುದ್ದಿ ಬಂದ ಕ್ಷಣ ಒಂದೇ ಕಡೆಯ ಆರ್ಡರ್ ಸಿಗುತ್ತದೆ, ಅದು ಸೋಲುವ ಕಡೆ. ನೀವು ಊಟಕ್ಕೆ ಎದ್ದು ಹೋದಾಗಲೂ ಕಂಪ್ಯೂಟರ್ ಮುಂದೆ ಕೂತಿರುವ ಒಬ್ಬ ಇರುತ್ತಾನೆ. ಸುದ್ದಿ ಕೇಳಿದ ಕೂಡಲೇ ಆರ್ಡರ್ ಹಿಂದೆ ತೆಗೆಯುವ ಪ್ರೋಗ್ರಾಂ ಇಲ್ಲದವರು ಇದಕ್ಕೆ ಇಳಿಯಬಾರದು ಎಂದು ನನಗೆ ಖಂಡಿತ ಅನ್ನಿಸುತ್ತದೆ.

ಕಾನೂನಿನ ಬಗ್ಗೆ ಚಿಕ್ಕದಾಗಿ. ಹಣ ಇಟ್ಟು ಆಡುವ ಆನ್‌ಲೈನ್ ಆಟಗಳನ್ನು, ಅದು ಕೌಶಲವಿರಲಿ ಅದೃಷ್ಟವಿರಲಿ, ನಿಷೇಧಿಸುವ ಕಾನೂನನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸು ಮಾಡಿತು. ಶಿಕ್ಷೆ ಇರುವುದು ಆಡಿಸುವವರಿಗೆ, ಅದಕ್ಕೆ ನೆರವಾಗುವವರಿಗೆ. ಪೂಲ್‌ಗೆ ಹಣ ತುಂಬುವವರು ನನ್ನ ಕಣ್ಣಿಗೆ ಆಡುವವರಿಗಿಂತ ಆಡಿಸುವವರಿಗೇ ಹತ್ತಿರ. ತೆರಿಗೆಯೂ ಉಂಟು. 2022ರ ಏಪ್ರಿಲ್‌ನಿಂದ ಕ್ರಿಪ್ಟೋ ಲಾಭಕ್ಕೆ 30 ಪರ್ಸೆಂಟ್, ಒಂದರ ನಷ್ಟವನ್ನು ಇನ್ನೊಂದರ ಲಾಭದಿಂದ ಕಳೆಯುವ ಹಾಗಿಲ್ಲ. ಹತ್ತು ಪೂಲ್‌ಗಳಲ್ಲಿ ಆರು ಗೆದ್ದು ನಾಲ್ಕು ಸೋತರೆ ಆ ಆರಕ್ಕೂ ಪೂರ್ತಿ ತೆರಿಗೆ. ಊರಿನಲ್ಲಿರುವವರಿಗೆ ನನ್ನ ಉತ್ತರ ಬೇಡ ಎಂದೇ. ಹೊರಗಿರುವವರು ಅಲ್ಲಿನ ಕಾನೂನು ಮೊದಲು ಓದಲಿ.

"ಹಾಗಾದರೆ ಯಾರು ಮಾರಾಯ್ರೆ ಹಾಕುವುದು?" ಎಂದು ತಂಗಿಯ ಗಂಡ ಕೇಳಿದ. ಒಳ್ಳೆಯ ಪ್ರಶ್ನೆ. ಇದಕ್ಕೆ ಸರಿಯಾದ ಉತ್ತರ ಕೊಟ್ಟವರು ರಾಬಿನ್ ಹ್ಯಾನ್ಸನ್ ಎಂಬ ಅರ್ಥಶಾಸ್ತ್ರಜ್ಞ. ಬ್ಲಾಕ್‌ಚೈನ್ ಬರುವ ಮೊದಲೇ ಅವರು ಒಂದು ಸೂತ್ರ ಬರೆದರು. ಅದರಲ್ಲಿ ಲಿಕ್ವಿಡಿಟಿ ಕೊಡುವವರ ಗರಿಷ್ಠ ನಷ್ಟ ಮೊದಲೇ ಗೊತ್ತಿರುತ್ತದೆ. ಸೂತ್ರದ ಅಳತೆ, ಅಂದರೆ ಪೂಲ್ ಎಷ್ಟು ದೊಡ್ಡದು ಎಂದು ನಾವೇ ಆರಿಸುವ ಸಂಖ್ಯೆ, 100 ಎಂದು ಇಟ್ಟರೆ, ಎರಡು ಉತ್ತರದ ಪ್ರಶ್ನೆಯಲ್ಲಿ ಜಾಸ್ತಿ ಎಂದರೆ 69 ಡಾಲರ್. ಅವರ ಲೆಕ್ಕದಲ್ಲಿ ಆ 69 ಡಾಲರ್ ಉತ್ತರ ತಿಳಿಯಲು ಕೊಡುವ ಖರ್ಚು. ಗೊತ್ತಿರುವವರು ಬಂದು ಅದನ್ನು ಒಯ್ಯಲಿ, ಒಯ್ಯುವಾಗ ಬೆಲೆಯಲ್ಲಿ ಉತ್ತರ ಬಿಟ್ಟು ಹೋಗಲಿ ಎಂದು. ಹಣ ಹಾಕಬೇಕಾದವರು ಆ ಉತ್ತರ ಬೇಕಾದವರು. ಬಡ್ಡಿ ಬೇಕಾದವರಲ್ಲ.

ನಮ್ಮ ತಂಡದಲ್ಲಿ ಒಮ್ಮೆ ಇದನ್ನು ಹಣವಿಲ್ಲದೆ, ಬರೀ ಪಾಯಿಂಟ್‌ಗಳಲ್ಲಿ ಮಾಡಿದೆವು. ಹನ್ನೆರಡು ಜನ. ಪ್ರಶ್ನೆ: ಈ ಕೆಲಸ ಹೇಳಿದ ದಿನಕ್ಕೆ ಮುಗಿಯುತ್ತದಾ? ಹ್ಯಾನ್ಸನ್ ಅವರ ಸೂತ್ರಕ್ಕೇ 100 ಪಾಯಿಂಟ್‌ನ ಅಳತೆ ಇಟ್ಟು ಪೂಲ್ ತುಂಬಿದ್ದು ತಂಡದ ಮುಖ್ಯಸ್ಥೆ. ಮೀಟಿಂಗ್‌ನಲ್ಲಿ ಎಲ್ಲರೂ ಆಗುತ್ತದೆ ಎನ್ನುತ್ತಿದ್ದರು. ಮೂರನೇ ದಿನಕ್ಕೆ ಯೆಸ್ 20ಕ್ಕೆ ಇಳಿಯಿತು. ಮುಖ್ಯಸ್ಥೆಯ ಪಾಯಿಂಟ್‌ಗಳು ಹೋದದ್ದು ಟೆಸ್ಟಿಂಗ್ ಮಾಡುವ ಇಬ್ಬರು ಹುಡುಗಿಯರ ಕೈಗೆ. ಆಗುವುದಿಲ್ಲ ಎಂದು ಅವರಿಗೆ ಮೊದಲೇ ಗೊತ್ತಿತ್ತು, ಯಾರೂ ಅವರನ್ನು ಕೇಳಿರಲಿಲ್ಲ. ಮುಖ್ಯಸ್ಥೆ ಅದೇ ಸಂಜೆ ಅವರಿಬ್ಬರನ್ನು ಕರೆದು ಕೂರಿಸಿ, ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂದು ಕೇಳಿದರು.