'ಇಷ್ಟೆಲ್ಲಾ ಹೇಗೆ ಫಾಲೋ ಮಾಡ್ತೀರಾ?' ಮಾಡಲ್ಲ ಕಣ್ರೀ

ಯಾರಾದ್ರೂ ಹೊಸಬರ ಪರಿಚಯ ಆಗಿ, ಓದೋದು ಬರೆಯೋದೇ ನನ್ನ ಕೆಲಸ ಅಂತ ಅವರಿಗೆ ಗೊತ್ತಾದ ತಕ್ಷಣ ಬರೋ ಪ್ರಶ್ನೆ ಒಂದೇ. ಎದ್ರೆ ನ್ಯೂಸು, ಆಫೀಸ್ ಮೇಲು, ಹತ್ತಾರು ವಾಟ್ಸಾಪ್ ಗ್ರೂಪು, ಯೂಟ್ಯೂಬು, ಪಾಡ್‌ಕಾಸ್ಟು, ಇದೆಲ್ಲಾ ಹೇಗ್ರೀ ಮ್ಯಾನೇಜ್ ಮಾಡ್ತೀರಾ, ನಮಗಂತೂ ತಲೆ ಚಿಟ್ಟು ಹಿಡಿದುಹೋಗತ್ತೆ ಅಂತಾರೆ. ಕೇಳೋರ ಮುಖದಲ್ಲಿ ಒಂದು ಆಸೆ ಇರತ್ತೆ, ನಾನು ಯಾವುದೋ ಆಪ್ ಹೆಸರು ಹೇಳ್ತೀನಿ, ಅಲ್ಲೇ ಡೌನ್‌ಲೋಡ್ ಮಾಡ್ಕೊಂಡು ಸಮಸ್ಯೆ ಮುಗಿಸ್ಬಿಡಬಹುದು ಅಂತ. "ಮ್ಯಾನೇಜ್ ಮಾಡಲ್ಲ, ಮುಕ್ಕಾಲು ಪಾಲು ಬಿಟ್ಬಿಡ್ತೀನಿ" ಅಂದ್ರೆ ಏನೋ ಗುಟ್ಟು ಮುಚ್ಚಿಡ್ತಾ ಇದೀನಿ ಅನ್ನೋ ಥರ ನೋಡ್ತಾರೆ. ಅದಕ್ಕೇ ಒಂದ್ಸಲ ಪೂರ್ತಿ ಬರೆದು ಇಟ್ಬಿಡೋಣ ಅಂತ ಕೂತೆ.

ಮೊದಲು ನಾನೂ ಎಲ್ಲಾ ಓದೋರ ಪೈಕಿನೇ, ಅಂದ್ರೆ ಓದ್ತೀನಿ ಅಂದ್ಕೊಂಡಿರೋರ ಪೈಕಿ. ಚೆನ್ನಾಗಿದೆ ಅನ್ಸಿದ್ದನ್ನೆಲ್ಲಾ 'ಆಮೇಲೆ ಓದೋಣ' ಅಂತ ಒಂದು ಆಪ್‌ಗೆ ಸೇವ್ ಮಾಡ್ತಿದ್ದೆ, ಬಟನ್ ಒತ್ತಿದ ಕೂಡಲೇ ಅರ್ಧ ಓದಿದಷ್ಟೇ ಸಮಾಧಾನ ಆಗೋದು, ಅಲ್ಲಿಗೆ ಮುಗೀತು, ಮತ್ತೆ ಆ ಕಡೆ ತಲೆ ಹಾಕಿ ಮಲಗ್ತಿರಲಿಲ್ಲ. ಒಂದ್ಸಲ ಫೋನ್ ಬದಲಾಯಿಸುವಾಗ ಆ ಪಟ್ಟಿನೆಲ್ಲಾ ಫೈಲ್ ಮಾಡಿ ಇಳಿಸ್ಕೊಂಡೆ. 1,900 ಚಿಲ್ಲರೆ ಲಿಂಕು! ಭಾನುವಾರ ಮಧ್ಯಾಹ್ನ ಕೂತು ಮೇಲಿಂದ ಒಂದೊಂದೇ ತೆಗೀತಾ ಹೋದೆ. ಮೊದಲನೇದು ಆರು ವರ್ಷ ಹಳೇ ಫೋನ್ ರಿವ್ಯೂ, ಆ ಫೋನನ್ನ ನಾನು ಕೊಂಡು, ಬಳಸಿ, ಬೀಳಿಸಿ, ಒಡೆದು ಎಲ್ಲಾ ಆಗಿತ್ತು. ಎರಡನೇದರ ಪೇಜೇ ಇಲ್ಲ. ಮೂರನೇದು ಮನಸ್ಸು ಒಂದೇ ಕಡೆ ನಿಲ್ಸೋದು ಹೇಗೆ ಅನ್ನೋ ಉದ್ದದ ಲೇಖನ, ಕೆಳಗೆ ಹೋದ್ರೆ ಅದೇ ಲೇಖನ ಇನ್ನೂ ಎರಡು ಸಲ ಸಿಕ್ತು, ಮೂರು ಸಲ ಸೇವ್ ಮಾಡಿದೀನಿ, ಒಂದು ಸಲಾನೂ ಓದಿಲ್ಲ. ನಲವತ್ತು ನೋಡುವಷ್ಟರಲ್ಲಿ ಸಾಕಾಯ್ತು. ಇವನ್ನ ಓದದೇ ಇದ್ದಿದ್ದಕ್ಕೆ ನಂಗೆ ಒಂದು ಕೂದಲೂ ಕೊಂಕಿಲ್ಲ, ಆದ್ರೆ ಓದಿಲ್ವಲ್ಲಾ ಓದಿಲ್ವಲ್ಲಾ ಅನ್ನೋ ಕೊರಗು ಮಾತ್ರ ಆರು ವರ್ಷ ಜೊತೇಲೇ ಇತ್ತು. ಸಾಲದ ದುಡ್ಡು ಮುಟ್ಟದೇನೇ ಬಡ್ಡಿ ಕಟ್ಕೊಂಡು ಬಂದ ಹಾಗೆ. ಫೈಲ್ ಡಿಲೀಟ್ ಮಾಡಿದೆ. ಎರಡು ನಿಮಿಷ ಹಿಂದೆ ಮುಂದೆ ನೋಡಿದ್ದು ನಿಜ.

ಅವತ್ತಿಂದ ತಲೇಲಿ ಕೊರೀತಾ ಇದ್ದಿದ್ದು ಒಂದು ವಿಷಯ. ಲಕ್ಷಗಟ್ಟಲೆ ಪುಸ್ತಕ ಇರೋ ಲೈಬ್ರರಿ ಒಳಗೆ ಹೋದಾಗ ಯಾರಿಗೂ ಎದೆ ಡವಡವ ಅನ್ನಲ್ಲ, ಅಯ್ಯೋ ಇಷ್ಟೊಂದು ಯಾವಾಗ ಓದಿ ಮುಗ್ಸೋದು ಅಂತ ಯಾರೂ ಬೆವರಲ್ಲ, ನಮಗೆ ಬೇಕಾದ್ದು ಒಂದು ಹುಡುಕಿ ತಗೊಂಡು ಆರಾಮಾಗಿ ಬರ್ತೀವಿ. ಅದೇ ಫೋನಲ್ಲಿ ಹನ್ನೆರಡು ಮೆಸೇಜ್ ಕೆಂಪಗೆ ಕೂತಿದ್ರೆ ಊಟ ಮಾಡ್ತಾ ಇದ್ರೂ ಕೈ ಆ ಕಡೆಗೇ. ಹನ್ನೆರಡು ಎಲ್ಲಿ, ಲಕ್ಷ ಎಲ್ಲಿ! ಲೈಬ್ರರಿ ಪುಸ್ತಕ ನಮ್ಮ ಹೆಸರು ಹಿಡಿದು ಕೂಗಲ್ಲ ಅಷ್ಟೇ ವ್ಯತ್ಯಾಸ. ನಾನಾಗೇ ಹುಡುಕ್ಕೊಂಡು ಹೋದ ಮಾಹಿತಿ ನಂಗೆ ಯಾವತ್ತೂ ಜಾಸ್ತಿ ಅನ್ಸಿಲ್ಲ, ಅದಾಗೇ ನನ್ನ ಹುಡುಕ್ಕೊಂಡು ಬಂದಿದ್ದೇ ಭಾರ.

ಇದು ಸುಮ್ನೆ ನನ್ನ ಭ್ರಮೆನಾ ಅಂತ ನೋಡೋಕೆ ಒಂದು ದಿನ ಫೋನ್ ಪಕ್ಕ ಒಂದು ಚೀಟಿ ಇಟ್ಕೊಂಡು, ಟಿಂಗ್ ಅಂದಾಗೆಲ್ಲಾ ಪೆನ್ನಲ್ಲಿ ಒಂದು ಗೀಟು ಎಳೆದೆ, ಒಬ್ಬ ಮನುಷ್ಯ ನಂಗೇ ಅಂತ ಬರೆದಿದ್ದಾಗಿದ್ರೆ ಆ ಗೀಟಿಗೆ ಸುತ್ತು ಹಾಕಿದೆ. ರಾತ್ರಿ ಮಲಗೋ ಹೊತ್ತಿಗೆ 72 ಗೀಟು, ಅದರಲ್ಲಿ ಸುತ್ತು ಹಾಕಿದ್ದು 9. ಮಿಕ್ಕಿದ್ದೆಲ್ಲಾ ಆಫರ್ರು, 'ಇವರು ಇದನ್ನ ಲೈಕ್ ಮಾಡಿದ್ದಾರೆ', ನಾನು ಎಂದೋ ಒಂದ್ಸಲ ತೆಗೆದ ಆಪ್ ನಿನ್ನ ನೆನಪಾಗ್ತಿದೆ ಅಂತ ಕಳಿಸಿದ್ದು (ನಂಗೆ ಅದರ ನೆನಪಿರಲಿಲ್ಲ). ಆ ಒಂಬತ್ತಕ್ಕೆ ಉತ್ತರ ಕೊಡೋಕೆ ಒಟ್ಟು ಕಾಲು ಗಂಟೆ ಸಾಕಿತ್ತು.

ಇದೇನು ನಮ್ಮ ಕಾಲಕ್ಕೇ ಬಂದ ರೋಗ ಅಲ್ಲ ಬಿಡಿ. ಯುರೋಪಿನಲ್ಲಿ ಅಚ್ಚಿನ ಯಂತ್ರ ಬಂದು ನೂರು ವರ್ಷ ಆಗೋದ್ರೊಳಗೆ ಅಲ್ಲಿನ ಪಂಡಿತರೂ ಹಿಂಗೇ ತಲೆ ಮೇಲೆ ಕೈ ಹೊತ್ತು ಕೂತಿದ್ರು. ಜ್ಯೂರಿಕ್‌ನ ಕಾನ್ರಾಡ್ ಗೆಸ್ನರ್ ಅನ್ನೋನು 1545ರಲ್ಲಿ ಪುಸ್ತಕಗಳು ವಿಪರೀತ ಆಗಿ ಗೊಂದಲ ಎಬ್ಬಿಸ್ತಾ ಇವೆ ಅಂತ ಗೊಣಗ್ತಾನೇ ಲ್ಯಾಟಿನ್, ಗ್ರೀಕ್, ಹೀಬ್ರೂ ಪುಸ್ತಕಗಳ ಒಂದು ದೊಡ್ಡ ಪಟ್ಟಿ ಮಾಡಿ ಅದನ್ನೂ ಅಚ್ಚು ಹಾಕ್ಸಿದ, ಅಂದ್ರೆ ಪುಸ್ತಕ ಜಾಸ್ತಿ ಆಯ್ತು ಅಂತ ಹೇಳೋಕೆ ಇನ್ನೊಂದು ಪುಸ್ತಕ. ನಗು ಬರತ್ತೆ, ಆದ್ರೆ ಮನುಷ್ಯ ಜಾಣ, ಎಲ್ಲಾ ಓದಿ ಅಂತ ಹೇಳಲಿಲ್ಲ, ಬೇಕಾದಾಗ ಹುಡುಕೋಕೆ ದಾರಿ ಮಾಡಿಕೊಟ್ಟ. ಆಮೇಲೆ 1971ರಲ್ಲಿ ಹರ್ಬರ್ಟ್ ಸೈಮನ್ ಅನ್ನೋ ಪಂಡಿತ, ಮುಂದೆ 1978ರಲ್ಲಿ ಅರ್ಥಶಾಸ್ತ್ರಕ್ಕೆ ನೊಬೆಲ್ ಬಂತಲ್ಲ ಆತ, ಮಾಹಿತಿ ಏನನ್ನ ತಿನ್ನತ್ತೆ ಅಂತ ಕೇಳಿ, ಪಡೆಯೋರ ಗಮನವನ್ನ ತಿನ್ನತ್ತೆ, ಹಾಗಾಗಿ ಮಾಹಿತಿ ಹೆಚ್ಚಾದಷ್ಟೂ ಗಮನಕ್ಕೆ ಬರ ಅಂದ. ಮೊಬೈಲ್ ಇನ್ನೂ ಯಾರ ಕೈಗೂ ಬಂದಿರದ ಕಾಲದ ಮಾತು ಇದು.

ನಮ್ಮ ಕಾಲದಲ್ಲಿ ಹೊಸದು ಅಂದ್ರೆ ಮುಗಿಯೋದೇ ನಿಂತುಹೋಗಿರೋದು. ಪೇಪರ್‌ಗೆ ಕೊನೇ ಪುಟ ಅಂತ ಒಂದಿತ್ತು, ಕ್ರೀಡಾ ಸುದ್ದಿ ಓದಿ ಮಡಚಿ ಇಟ್ರೆ ಅವತ್ತಿನ ಪ್ರಪಂಚ ಮುಗೀತು. ರೇಡಿಯೋದವರೂ ವಾರ್ತೆಗಳು ಮುಕ್ತಾಯವಾದವು ಅಂತ ಬಾಯಿಬಿಟ್ಟು ಹೇಳೋರು, ಈಗ ಯೋಚಿಸಿದ್ರೆ ಎಂಥಾ ಉಪಕಾರ ಅನ್ಸತ್ತೆ. 2006ರಲ್ಲಿ ಏಜ಼ಾ ರಾಸ್ಕಿನ್ ಅನ್ನೋ ಡಿಸೈನರ್ ಪೇಜಿನ ತಳ ಬಂದಾಗ ಮುಂದಿನ ಪುಟಕ್ಕೆ ಕ್ಲಿಕ್ ಮಾಡೋ ಕಷ್ಟ ಯಾಕೆ, ತಾನಾಗೇ ಬರ್ತಾ ಇರಲಿ ಅಂತ ಕೊನೆಯಿಲ್ಲದ ಸ್ಕ್ರೋಲ್ ಮಾಡಿದ, ಆಮೇಲೆ ಯಾಕಾದ್ರೂ ಮಾಡಿದ್ನೋ ಅಂತ ಅವನೇ ಪೇಚಾಡ್ಕೊಂಡಿದ್ದಾನೆ. ಒಂದು ಕ್ಲಿಕ್ ಉಳಿಸಿದ್ದಷ್ಟೇ, ಆದ್ರೆ ಆ ಕ್ಲಿಕ್ ಹೊತ್ತಲ್ಲೇ ನಾವು ಸಾಕು ಅಂತ ಎದ್ದು ಹೋಗ್ತಾ ಇದ್ದಿದ್ದು. ಇದರದ್ದೇ ಉಲ್ಟಾ ಕಥೆನೂ ಇದೆ. 2020ರ ಏಪ್ರಿಲ್‌ನಲ್ಲಿ ವಾಟ್ಸಾಪ್‌ನವರು ತುಂಬಾ ಸಲ ಕೈ ಬದಲಾಗಿ ಬಂದ ಮೆಸೇಜನ್ನ, ಅದೇ ಎರಡು ಬಾಣದ ಗುರುತು ಇರತ್ತಲ್ಲ ಅದನ್ನ, ಒಂದ್ಸಲಕ್ಕೆ ಒಂದೇ ಚಾಟ್‌ಗೆ ಫಾರ್ವರ್ಡ್ ಮಾಡೋಕಾಗೋ ಥರ ಮಾಡಿದ್ರು, ಅಂಥ ಫಾರ್ವರ್ಡುಗಳು ಶೇಕಡಾ 70ರಷ್ಟು ಇಳಿದ್ವು ಅಂತ ಕಂಪನಿಯವರೇ ಹೇಳಿದ್ರು. ಯಾರನ್ನೂ ತಡೆದಿರಲಿಲ್ಲ, ಬೇಕಿದ್ರೆ ಇಪ್ಪತ್ತು ಸಲ ಒತ್ತಿ ಇಪ್ಪತ್ತು ಜನಕ್ಕೆ ಕಳಿಸಬಹುದಿತ್ತು. ಅಷ್ಟು ಕಷ್ಟ ಪಡೋವಷ್ಟು ಆ ಮೆಸೇಜ್ ಯಾರಿಗೂ ಮುಖ್ಯ ಆಗಿರಲಿಲ್ಲ ಅಂತಾಯ್ತಲ್ಲ!

ಹಾಗಾದ್ರೆ ನಾನೇನು ಮಾಡ್ತೀನಿ. ದೊಡ್ಡ ವಿದ್ಯೆ ಏನಲ್ಲ. ಕಾಲ್ ಬಿಟ್ಟು ಎಲ್ಲದರ ಸದ್ದು ಆಫ್. ಸುದ್ದಿ ಸಂಜೆ ಒಂದೇ ಸಲ, ಬಿಸಿಬಿಸಿ ಸುದ್ದಿ ಅರ್ಧಕ್ಕರ್ಧ ಸಂಜೆಯಷ್ಟೊತ್ತಿಗೆ ತಾನೇ ತಿದ್ದಿಕೊಂಡಿರತ್ತೆ ಅಥವಾ ಹೇಳ ಹೆಸರಿಲ್ಲದ ಹಾಗೆ ಹೋಗಿರತ್ತೆ. ಎರಡು ಬಾಣದ ಮೆಸೇಜ್ ತೆಗೆಯೋದೇ ಇಲ್ಲ, ಅತ್ತೆ ಕಳಿಸಿದ್ರೂ ಇಲ್ಲ. ಸೇವ್ ಮಾಡೋದು ಬಿಟ್ಟೆ, ಈಗ ಓದ್ತೀನಾ ಇಲ್ಲಾ ಬಿಡ್ತೀನಾ ಎರಡೇ, ನಿಜವಾಗ್ಲೂ ಬೇಕಾಗಿದ್ರೆ ಮತ್ತೆ ಹುಡುಕಿದಾಗ ಸಿಕ್ಕೇ ಸಿಗತ್ತೆ. ಇನ್‌ಬಾಕ್ಸ್ ಖಾಲಿ ಮಾಡೋ ಹಠ ನಂಗಿಲ್ಲ, ಅದು ಹೊಳೆ ನೀರನ್ನ ಚೊಂಬಲ್ಲಿ ಖಾಲಿ ಮಾಡಿದ ಹಾಗೆ. ಇನ್ನೊಂದು, ಎಲ್ಲದರ ಬಗ್ಗೆನೂ ನಂಗೊಂದು ಅಭಿಪ್ರಾಯ ಇರಬೇಕು ಅನ್ನೋದನ್ನ ಬಿಟ್ಟೆ, ಇದೇ ಎಲ್ಲಕ್ಕಿಂತ ಕಷ್ಟ ಆಗಿದ್ದು. ನಾಲ್ಕು ಜನ ಕೂತು ಏನೋ ಬಿಸಿ ವಿಷಯ ಮಾತಾಡ್ತಿರುವಾಗ "ನಂಗೆ ಗೊತ್ತಿಲ್ಲಪ್ಪ, ಏನಾಯ್ತು ಹೇಳಿ" ಅನ್ನೋಕೆ ಮೊದಮೊದಲು ನಾಚಿಕೆ ಆಗೋದು. ಆದ್ರೆ ಹಾಗೆ ಕೇಳಿದಾಗೆಲ್ಲಾ ಒಂದು ಮಜಾ ನೋಡಿದೀನಿ, ಅಷ್ಟು ಜೋರಾಗಿ ವಾದ ಮಾಡ್ತಿದ್ದೋರಿಗೂ ಎರಡನೇ ವಾಕ್ಯಕ್ಕೆ ತಡವರಿಸತ್ತೆ.

ಇದನ್ನೆಲ್ಲಾ ಓದಿ ನಾನೇನೋ ಗೆದ್ದುಬಿಟ್ಟಿದೀನಿ ಅಂದ್ಕೋಬೇಡಿ, ಇದರಲ್ಲಿ ಪೆಟ್ಟೂ ತಿಂದಿದೀನಿ. ಎರಡು ವರ್ಷದ ಹಿಂದೆ ನಮ್ಮ ಹಳೇ ಫ್ರೆಂಡ್ಸ್ ಗ್ರೂಪನ್ನ ಮ್ಯೂಟ್ ಮಾಡಿದ್ದೆ, ಬರೀ ಗುಡ್ ಮಾರ್ನಿಂಗು, ಹಳೇ ಜೋಕು, ಚುನಾವಣೆ ಜಗಳ. ಮೂರು ದಿನ ಬಿಟ್ಟು ತೆಗೆದಾಗ 214 ಮೆಸೇಜು, ಹೆಬ್ಬೆರಳಲ್ಲಿ ಸರ್ ಅಂತ ಮೇಲೆ ತಳ್ಳುವಾಗ ಮಧ್ಯೆ ಒಬ್ಬ ಫ್ರೆಂಡ್ ಬರೆದ ಒಂದು ಸಾಲು ಕಣ್ಣಿಗೆ ಬಿತ್ತು, 'ಅಪ್ಪಂಗೆ ಹುಷಾರಿಲ್ಲ, ಐಸಿಯು.' ಅಷ್ಟೇ. ಅದರ ಕೆಳಗೆ ಎಂಟು ಕೈಮುಗಿಯೋ ಎಮೋಜಿ, ಅದರ ಕೆಳಗೆ ಯಾರದ್ದೋ ಕ್ರಿಕೆಟ್ ವಿಡಿಯೋ. ಫೋನ್ ಮಾಡಿದೆ. "ನೀನೊಬ್ಬ ಏನೂ ಹೇಳಲಿಲ್ಲವಲ್ಲೋ ಅಂದ್ಕೊಂಡೆ" ಅಂದ. ನೋಡಿರಲಿಲ್ಲ ಕಣೋ ಅಂದೆ, ಅದು ನಿಜಾನೇ, ಆದ್ರೆ ಆ ಕ್ಷಣದಲ್ಲಿ ನಂಗೇ ಅದು ನೆಪದ ಥರ ಕೇಳಿಸ್ತು.

ಅವರಪ್ಪ ಹುಷಾರಾಗಿ ಮನೆಗೆ ಬಂದ್ರು, ಈಗ ಚೆನ್ನಾಗಿದಾರೆ. ಮ್ಯೂಟ್ ತೆಗೀಲಿಲ್ಲ ನಾನು, ಆ 214ರಲ್ಲಿ ಹುಡುಕೋ ಶಕ್ತಿ ನಂಗೆ ಇಲ್ಲ ಅಂತ ಗೊತ್ತು. ಬದಲಿಗೆ ನಂಗೆ ಬೇಕಾದ ಏಳೆಂಟು ಜನಕ್ಕೆ ಒಬ್ಬೊಬ್ಬರಿಗೇ ಹೇಳಿದೆ, ಏನೇ ಇದ್ರೂ ಗ್ರೂಪಲ್ಲಿ ಹಾಕಿ ನಾನು ನೋಡಿರ್ತೀನಿ ಅಂದ್ಕೋಬೇಡಿ, ರಾತ್ರಿ ಎರಡು ಗಂಟೆ ಆದ್ರೂ ಪರವಾಗಿಲ್ಲ ಒಂದು ಕಾಲ್ ಮಾಡಿ ಅಂತ. ಇಬ್ಬರು ನಕ್ಕರು, ಒಬ್ಬಳಿಗೆ ಬೇಜಾರಾಯ್ತು, ದೊಡ್ಡ ಮನುಷ್ಯ ಆಗ್ಬಿಟ್ಯಾ ಅಂದ್ಲು. ಅವಳು ಹೇಳಿದ್ದರಲ್ಲಿ ತಪ್ಪಿಲ್ಲ, ನನ್ನ ನೆಮ್ಮದಿಗೋಸ್ಕರ ಅವರ ಮೇಲೆ ಒಂದು ಕೆಲಸ ಹೊರಿಸ್ದೆ ತಾನೇ.

ಮೊನ್ನೆ ಅದೇ ಫ್ರೆಂಡ್ ಕಾಲ್ ಮಾಡಿ "ವಿಷಯ ಗೊತ್ತಾಯ್ತಾ, ಬೆಳಗ್ಗೆಯಿಂದ ಅದೇ ನಡೀತಿದೆ" ಅಂದ. ಗೊತ್ತಿಲ್ಲ ಅಂದೆ. ಬೈದು, ಒಂದು ನಿಮಿಷದಲ್ಲಿ ಏನಾಯ್ತು ಅಂತ ಪೂರ್ತಿ ಹೇಳಿದ. ಆಮೇಲೆ ಅರ್ಧ ಗಂಟೆ ಅವರಪ್ಪ ವಾಕಿಂಗ್ ಹೋಗಲ್ಲ ಅಂತ ಹಠ ಮಾಡೋದರ ಬಗ್ಗೆ ಮಾತಾಡಿದ್ವಿ.