ಹಳೇ ಬಿದರಿಗೆ ಹುಣಸೆಹಣ್ಣು ಹಚ್ಚಬೇಡಿ

ಬೀದರಿನ ಹಳೇ ಮನೆಯ ಸಾಮಾನುಗಳಲ್ಲಿ ಕಪ್ಪು ಲೋಹದಲ್ಲಿ ಬೆಳ್ಳಿಯ ಚಿತ್ತಾರ ಕೂರಿಸಿದ ಬಿದರಿ ಕೆಲಸದ ಪಾನದಾನಿ (ಎಲೆಅಡಿಕೆ ಡಬ್ಬ), ಸುರಾಯಿ (ನೀರಿನ ಹೂಜಿ), ಹುಕ್ಕಾದ ಬುಡ ಇದ್ದರೆ ಮೊದಲು ಕಾಪಾಡಬೇಕಾದ್ದು ಅವುಗಳ ಕಪ್ಪು. ದಸರಾ, ದೀಪಾವಳಿ ಬಂತೆಂದರೆ ತಾಮ್ರ ಹಿತ್ತಾಳೆಯ ಜೊತೆ ಬಿದರಿಯನ್ನೂ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಾರೆ. ನೋಡಿದರೆ ಸಂಕಟವಾಗುತ್ತದೆ.

ಬಿದರಿಯ ಮೈ ಸತು ಮತ್ತು ತಾಮ್ರದ ಮಿಶ್ರಲೋಹ, ಅದರಲ್ಲಿ ಸತುವೇ ಬಹುಪಾಲು. ಬೀದರ್ ಕೋಟೆಯ ಮಣ್ಣು, ನವಸಾಗರ (ಅಮೋನಿಯಂ ಕ್ಲೋರೈಡ್) ಬೆರೆಸಿದ ನೀರಿನಲ್ಲಿ ಕಾಯಿಸಿದಾಗ ಈ ಲೋಹ ಕಪ್ಪಾಗುತ್ತದೆ, ಕೂರಿಸಿದ ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಆ ಕಪ್ಪು ಪದರ ಬಹಳ ತೆಳು. ಹುಳಿ ತಾಗಿದರೆ ಕರಗಿ ಬೂದು ಕಲೆ ಏಳುತ್ತದೆ. ಮತ್ತೆ ಕಪ್ಪು ಮಾಡಿಸಲು ಮೈ ಉಜ್ಜಬೇಕು, ಅದರೊಂದಿಗೆ ಬೆಳ್ಳಿಯೂ ಸವೆಯುತ್ತದೆ. ತಲೆಮಾರುಗಳ ವಸ್ತುವಿಗೆ ಅದು ಬೇಡ.

ಒರೆಸುವ ಮುನ್ನ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಬೆಳ್ಳಿ ತಂತಿಯ ಕೆಳಗೆ ಸತು ತುಕ್ಕು ಹಿಡಿದರೆ ಬಿಳಿ ಪುಡಿಯಾಗಿ ಉಬ್ಬುತ್ತದೆ, ತಂತಿ ಮೇಲೇಳುತ್ತದೆ. ಅಂಥ ಕಡೆ ಬಟ್ಟೆ ತಾಗಿಸಿದರೆ ಎಳೆಗೆ ಸಿಕ್ಕಿ ಕಿತ್ತೇ ಬರುತ್ತದೆ. ಅರ್ಧ ಇಂಚಿನ ಮೆತ್ತನೆಯ ಬ್ರಷ್ ಸಾಕು, ಅದರ ತಗಡಿನ ಪಟ್ಟಿಗೆ ಬಟ್ಟೆ ಟೇಪು ಸುತ್ತಿರಿ, ಗೀರು ಬೀಳುವುದಿಲ್ಲ. ಉದುರಿದ ಚೂರನ್ನು ಸೂಪರ್ ಗ್ಲೂ ಹಾಕಿ ಅಂಟಿಸಬೇಡಿ. ಲಕೋಟೆಗೆ ಹಾಕಿ, ಯಾವ ವಸ್ತುವಿನದು, ಎಲ್ಲಿಯದು ಎಂದು ಬರೆದಿಡಿ. ಕಂದಿದ ಬೆಳ್ಳಿಗೆ ನುಣುಪಾದ ಸೀಮೆಸುಣ್ಣದ ಪುಡಿಯನ್ನು ಎರಡು ಹನಿ ಡಿಸ್ಟಿಲ್ಡ್ ವಾಟರ್‌ನಲ್ಲಿ ಕಲಸಿ, ಹತ್ತಿ ಕಡ್ಡಿಯಿಂದ ಬೆಳ್ಳಿಯ ಮೇಲಷ್ಟೇ ಸವರಿ, ಒಣಗುವ ಮೊದಲೇ ಒರೆಸಿ. ಕೊನೆಗೆ ಎಣ್ಣೆ ಸವರುವ ರೂಢಿಯಿದೆ. ಮೈ ಕಪ್ಪಗೆ ಹೊಳೆಯುತ್ತದೆ ನಿಜ, ಆದರೆ ಎಣ್ಣೆ ಧೂಳು ಹಿಡಿಯುತ್ತದೆ, ಹಳಸಿ ಹುಳಿಯಾಗುತ್ತದೆ. ಮೈಕ್ರೋಕ್ರಿಸ್ಟಲೈನ್ ಮೇಣದ (ಪೆಟ್ರೋಲಿಯಂನಿಂದ ತೆಗೆದ ಮೇಣ) ತೆಳು ಲೇಪವೇ ಮೇಲು.

ಇನ್ನು ಇಡುವ ಜಾಗ. ಜಂಬಿಟ್ಟಿಗೆ ಗೋಡೆ ಮಳೆಗಾಲದಲ್ಲಿ ನೀರು ಹೀರುತ್ತದೆ, ಟ್ರಂಕು ಗೋಡೆಯಿಂದ ಅರ್ಧ ಅಡಿ ಈಚೆಗಿರಲಿ, ನೆಲದಿಂದ ಮೇಲಿರಲಿ. ಮರದ ಪೆಟ್ಟಿಗೆ, ಪ್ಲೈವುಡ್ ಹೊರಸೂಸುವ ಹುಳಿ ಆವಿ ಸತುವನ್ನು ತಿನ್ನುತ್ತದೆ. ಉಣ್ಣೆ ಬಟ್ಟೆ, ರಬ್ಬರ್ ಬ್ಯಾಂಡಿನ ಗಂಧಕದಿಂದ ಬೆಳ್ಳಿ ಕಪ್ಪಾಗುತ್ತದೆ. ಗಂಜಿ ಹೋಗುವಂತೆ ಒಗೆದ ಬಿಳಿ ಮಲ್ಮಲ್ ಬಟ್ಟೆ ಸುತ್ತಿ, ಸ್ಟೀಲ್ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹರಳುಗಳ ಜೊತೆ ಇಡಿ. ಕಿತ್ತಳೆ ಬಣ್ಣದ ಹರಳು ಹಸಿರಾದರೆ ತೇವ ಕುಡಿದಿದೆ ಎಂದರ್ಥ, ಓವನ್‌ನಲ್ಲಿ ಸುಮಾರು 110 ಡಿಗ್ರಿಯಲ್ಲಿ ಬಣ್ಣ ಮರಳುವವರೆಗೆ ಒಣಗಿಸಿ.

ಹಳೇ ಕಾಗದಪತ್ರಗಳನ್ನು ಈ ಡಬ್ಬದಲ್ಲಿ ಸೇರಿಸಬೇಡಿ, ಅಷ್ಟು ಒಣಗಿದರೆ ಕಾಗದ ಮುರಿಯುತ್ತದೆ. ಪತ್ರಗಳಿಗೆ ಹುಳ ಹತ್ತಿದ್ದರೆ ವಿಷ ಸಿಂಪಡಿಸದೆ, ಗಾಳಿ ತೆಗೆದ ಪಾಲಿಥಿನ್ ಚೀಲದಲ್ಲಿ ಮುಚ್ಚಿ ಡೀಪ್ ಫ್ರೀಜರಿನಲ್ಲಿ ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬಾರದು. ಬಿಚ್ಚಿದರೆ ತಣ್ಣನೆಯ ಹಾಳೆಯ ಮೇಲೆ ನೀರು ಕೂತು ಶಾಯಿ ಹರಡುತ್ತದೆ.