ಶಿಶುವಿಹಾರದಲ್ಲಿ ಮಕ್ಕಳು ದಿನವಿಡೀ ಏನು ಮಾಡುತ್ತಾರೆ?

ಶಾಲೆ ಬಿಟ್ಟ ಕೂಡಲೇ ಮಗುವಿನ ಕೈ ಹಿಡಿದುಕೊಳ್ಳುವ ಪೋಷಕರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ "ಇವತ್ತು ಟೀಚರ್ ಏನು ಹೇಳಿಕೊಟ್ಟರು?" ಎಂಬುದು, ಮಗುವಿನಿಂದ ಬರುವ ಉತ್ತರ "ಆಟ ಆಡಿದ್ವಿ" ಎಂಬುದು. ಈ ವಯಸ್ಸಿನ ಮಕ್ಕಳ ನಡುವೆಯೇ ಕೆಲಸ ಮಾಡುವ ನನಗೆ ಆ ಉತ್ತರ ಪೂರ್ತಿ ನಿಜವೆಂದು ಗೊತ್ತು, ಅದನ್ನು ಕೇಳಿದವರ ಮುಖದಲ್ಲಿ ಮೂಡುವ ಸಣ್ಣ ಆತಂಕವೂ ಗೊತ್ತು. ನಾಲ್ಕರಿಂದ ಆರು ವರ್ಷದ ಮಗುವಿನ ಆಟದೊಳಗೆ ನಡೆಯುವ ಕೆಲಸ ಹೊರಗಿನವರ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕೆಂದು ಈ ಬರಹ.

ಸಣ್ಣ ಮಕ್ಕಳಿಗೆ ಆಟದ ಮೂಲಕವೇ ಕಲಿಸಬೇಕೆಂಬ ಯೋಚನೆ ಇತ್ತೀಚಿನದಲ್ಲ. ಶಿಕ್ಷಣತಜ್ಞ ಫ್ರೆಡ್ರಿಕ್ ಫ್ರೋಬೆಲ್ ಜರ್ಮನಿಯ ಬಾಡ್ ಬ್ಲಾಂಕೆನ್‌ಬರ್ಗ್‌ನಲ್ಲಿ 1837ರಲ್ಲಿ ಇಂಥದೊಂದು ಸಂಸ್ಥೆಯನ್ನು ಆರಂಭಿಸಿ, 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟರು. ಅವರು ಮಕ್ಕಳ ಕೈಗೆ ಕೊಟ್ಟ ಸಾಮಗ್ರಿಗಳಲ್ಲಿ ಉಣ್ಣೆಯ ಚೆಂಡುಗಳು, ಮರದ ಗೋಳ, ಉರುಳೆ, ಘನ ಮತ್ತು ಎಂಟು ಚಿಕ್ಕ ಘನಗಳಾಗಿ ಬಿಡಿಸಿ ಮತ್ತೆ ಒಂದಾಗಿ ಜೋಡಿಸಬಹುದಾದ ಒಂದು ದೊಡ್ಡ ಘನ ಇದ್ದವು. ಇಂದು ತರಗತಿಯ ಮೂಲೆಯಲ್ಲಿ ಕಾಣುವ ಮರದ ಬ್ಲಾಕುಗಳು ಅವುಗಳ ಸಂತತಿಯೇ. ಸೇತುವೆ ಕಟ್ಟುತ್ತಿರುವ ಮಗುವಿಗೆ ಉದ್ದನೆಯ ಬ್ಲಾಕು ಸಿಗದೆ ಹೋದಾಗ, ಅದು ಎರಡು ಗಿಡ್ಡ ಬ್ಲಾಕುಗಳನ್ನು ಜೋಡಿಸಿ ಅಳತೆ ನೋಡುತ್ತದೆ, ಸರಿಹೊಂದಿದ್ದನ್ನು ಕಂಡು ಒಂದು ಕ್ಷಣ ಸುಮ್ಮನಾಗುತ್ತದೆ. ಅರ್ಧ ಎಂಬ ಮಾತನ್ನು ಅದು ಇನ್ನೂ ಕಲಿತಿರುವುದಿಲ್ಲವಾದರೂ ಅರ್ಧದ ಅನುಭವ ಅದಕ್ಕೆ ಆಗಿರುತ್ತದೆ.

ಎಣಿಕೆಯ ವಿಷಯದಲ್ಲಿ ದೊಡ್ಡವರಿಗಿರುವಷ್ಟು ತಪ್ಪು ತಿಳಿವಳಿಕೆ ಬೇರೆ ಯಾವುದರಲ್ಲೂ ಇಲ್ಲವೆಂದು ನನಗನ್ನಿಸುತ್ತದೆ. "ನಮ್ಮ ಮಗುವಿಗೆ ನೂರರವರೆಗೆ ಬರುತ್ತದೆ" ಎಂದು ಹೆಮ್ಮೆಯಿಂದ ಹೇಳುವವರಿದ್ದಾರೆ. ಆ ಹೆಮ್ಮೆ ಸಹಜವಾದದ್ದೇ. ಆದರೆ ಒಂದರಿಂದ ನೂರು ಹೇಳುವುದು ಪದ್ಯ ಒಪ್ಪಿಸಿದ ಹಾಗೆ, ಏಳು ಮಣಿಗಳನ್ನು ಎಣಿಸುವುದು ಬೇರೆಯೇ ಕೆಲಸ. ಮೇಜಿನ ಮೇಲೆ ಏಳು ಮಣಿಗಳನ್ನು ಸಾಲಾಗಿಟ್ಟು ಎಣಿಸಲು ಹೇಳಿದರೆ, ಮಗುವಿನ ಬೆರಳು ಒಮ್ಮೆ ಬಾಯಿಗಿಂತ ಮುಂದೆ ಓಡುತ್ತದೆ, ಒಮ್ಮೆ ಹಿಂದೆ ಬೀಳುತ್ತದೆ. ಒಂದೇ ಮಣಿಗೆ ಎರಡು ಸಂಖ್ಯೆ ಬೀಳುತ್ತದೆ, ಇನ್ನೊಂದು ಮಣಿ ಲೆಕ್ಕಕ್ಕೆ ಸಿಗದೆ ಉಳಿಯುತ್ತದೆ. ಕೆಲವು ವಾರಗಳಲ್ಲಿ ಬೆರಳೂ ಬಾಯಿಯೂ ಒಟ್ಟಿಗೆ ನಡೆಯಲು ಕಲಿತ ಮೇಲೆ, ಸರಿಯಾಗಿ ಏಳರವರೆಗೆ ಎಣಿಸಿದ ಮಗುವನ್ನು "ಹಾಗಾದರೆ ಒಟ್ಟು ಎಷ್ಟು?" ಎಂದು ಕೇಳಿ ನೋಡಬೇಕು. ಅದು ಮತ್ತೆ ಒಂದರಿಂದ ಎಣಿಸಲು ತೊಡಗುತ್ತದೆ. ಕೊನೆಯಲ್ಲಿ ಹೇಳಿದ ಸಂಖ್ಯೆಯೇ ಇಡೀ ಗುಂಪಿನ ಮೊತ್ತವೆಂಬುದು ಅದಕ್ಕಿನ್ನೂ ಹೊಳೆದಿರುವುದಿಲ್ಲ. ಒಂದು ದಿನ ಅದೇ ಪ್ರಶ್ನೆಗೆ ಮಗು ಮಣಿಗಳತ್ತ ನೋಡದೆಯೇ "ಏಳು" ಎಂದುಬಿಟ್ಟರೆ, ಆ ದಿನದ ನನ್ನ ಟಿಪ್ಪಣಿ ಪುಸ್ತಕದಲ್ಲಿ ಮೊದಲು ಬರೆಯುವ ಸಂಗತಿ ಅದು.

ರೋಚೆಲ್ ಗೆಲ್ಮನ್ ಮತ್ತು ಸಿ. ಆರ್. ಗ್ಯಾಲಿಸ್ಟೆಲ್ ಎಂಬ ಮನಃಶಾಸ್ತ್ರಜ್ಞರು 1978ರಲ್ಲಿ ಎಣಿಕೆಯ ಹಿಂದಿರುವ ಐದು ತತ್ವಗಳನ್ನು ಗುರುತಿಸಿದರು. ಒಂದು ವಸ್ತುವಿಗೆ ಒಂದೇ ಸಂಖ್ಯೆ, ಸಂಖ್ಯೆಗಳ ಕ್ರಮ ಬದಲಾಗಬಾರದು, ಕೊನೆಯ ಸಂಖ್ಯೆಯೇ ಮೊತ್ತ, ಯಾವ ವಸ್ತುವನ್ನಾದರೂ ಎಣಿಸಬಹುದು, ಯಾವ ತುದಿಯಿಂದ ಎಣಿಸಿದರೂ ಮೊತ್ತ ಅದೇ. ದೊಡ್ಡವರಿಗೆ ಇವೆಲ್ಲ ಹೇಳುವ ಅಗತ್ಯವೂ ಇಲ್ಲದ ಮಾತುಗಳಾಗಿ ತೋರುತ್ತವೆ, ಆದರೆ ಪ್ರತಿಯೊಂದನ್ನೂ ಪ್ರತಿಯೊಂದು ಮಗುವೂ ತಾನಾಗಿಯೇ ಕಂಡುಕೊಳ್ಳಬೇಕು. ಮಣಿಗಳನ್ನು ಸ್ವಲ್ಪ ದೂರದೂರ ಸರಿಸಿಟ್ಟರೆ "ಈಗ ಜಾಸ್ತಿ ಆಯಿತು" ಎನ್ನುವ ಮಕ್ಕಳೂ ಇರುತ್ತಾರೆ. ಸ್ವಿಟ್ಜರ್ಲೆಂಡಿನ ಮನಃಶಾಸ್ತ್ರಜ್ಞ ಜೀನ್ ಪಿಯಾಜೆ ದಶಕಗಳ ಹಿಂದೆಯೇ ಇದನ್ನು ತೋರಿಸಿಕೊಟ್ಟಿದ್ದರು. ಅಂಥ ಮಗುವನ್ನು ತಿದ್ದಿ ಪ್ರಯೋಜನವಿಲ್ಲ. ಮತ್ತೆ ಮತ್ತೆ ಸರಿಸಿ, ಎಣಿಸಿ, ಬೆರಗುಪಡುವ ಅವಕಾಶ ಕೊಡಬೇಕಷ್ಟೆ.

ಇನ್ನು ಬರವಣಿಗೆ. ಮಗುವಿನ ಮಣಿಕಟ್ಟಿನ ಎಂಟು ಮೂಳೆಗಳು ಹುಟ್ಟುವಾಗ ಬರೀ ಮೆದು ಎಲುಬಿನ ರೂಪದಲ್ಲಿರುತ್ತವೆ. ಅವು ವರ್ಷ ಕಳೆದಂತೆ ಒಂದೊಂದಾಗಿ ಗಟ್ಟಿಯಾಗುತ್ತವೆ, ಕೊನೆಯದು ಗಟ್ಟಿಯಾಗಲು ತೊಡಗುವುದು ಒಂಬತ್ತು ವರ್ಷದ ಆಚೆಗೆ. ಹೀಗಿರುವಾಗ ನಾಲ್ಕು ವರ್ಷದ ಮಗುವಿಗೆ ಪುಟಗಟ್ಟಲೆ ಅಕ್ಷರ ತಿದ್ದಲು ಕೊಡುವುದನ್ನು ನಾನು ಒಪ್ಪುವುದಿಲ್ಲ. ಅದರ ಬದಲು ನಾವು ಜೇಡಿಮಣ್ಣನ್ನು ನಾದಲು, ಮಣಿ ಪೋಣಿಸಲು, ಕಾಗದ ಹರಿದು ಅಂಟಿಸಲು, ಸ್ಪಂಜಿನಿಂದ ನೀರು ಹಿಂಡಲು, ಕತ್ತರಿಯಿಂದ ಮೊದಲು ನೇರವಾಗಿ ಆಮೇಲೆ ಬಾಗಿದ ಗೆರೆಯ ಗುಂಟ ಕತ್ತರಿಸಲು ಕೊಡುತ್ತೇವೆ. ಕತ್ತರಿ ಹಿಡಿದ ಮಗುವನ್ನು ಹತ್ತಿರ ಕುಳಿತು ನೋಡಿದರೆ ಈ ಕೆಲಸ ಎಷ್ಟು ಕಷ್ಟದ್ದೆಂದು ತಿಳಿಯುತ್ತದೆ. ಬಲಗೈ ತೆರೆದು ಮುಚ್ಚುತ್ತಿರುವಾಗಲೇ ಎಡಗೈ ಕಾಗದವನ್ನು ನಿಧಾನವಾಗಿ ತಿರುಗಿಸಬೇಕು, ಕಣ್ಣು ಗೆರೆಯ ಮೇಲೆಯೇ ಇರಬೇಕು. ತುಟಿಯಂಚಿಗೆ ಬಂದ ನಾಲಗೆ, ಕೆಲಸ ಮುಗಿಯುವವರೆಗೆ ಒಳಗೆ ಹೋಗುವುದಿಲ್ಲ. ಮೊದಲು ಮುಷ್ಟಿಯಲ್ಲಿ ಬಳಪ ಹಿಡಿಯುತ್ತಿದ್ದ ಕೈ ಇಂಥ ಕೆಲಸಗಳಿಂದಲೇ ಪಳಗಿ, ಹೆಬ್ಬೆರಳು, ತೋರುಬೆರಳು, ನಡುಬೆರಳುಗಳ ನಡುವೆ ಪೆನ್ಸಿಲನ್ನು ಹಗುರವಾಗಿ ಹಿಡಿಯುವ ಹದಕ್ಕೆ ಬರುತ್ತದೆ. ಆರಂಭದಲ್ಲಿ ಕೆಲವು ಅಕ್ಷರಗಳು, ಅಂಕಿಗಳು ಕನ್ನಡಿಯಲ್ಲಿ ಕಂಡಂತೆ ತಿರುಗಿ ಬೀಳುವುದುಂಟು. ಈ ವಯಸ್ಸಿನಲ್ಲಿ ಅದು ತೀರ ಸಾಮಾನ್ಯ, ಗಾಬರಿಪಡಬೇಕಾದದ್ದಲ್ಲ.

ಓದಿನ ಸಿದ್ಧತೆ ಕಿವಿಯಿಂದ ಶುರುವಾಗುತ್ತದೆ. ಕಪ್ಪೆ, ಕತ್ತರಿ, ಕಮಲ ಎಂಬ ಚಿತ್ರಗಳನ್ನು ಒಂದು ಕಡೆ ಇಟ್ಟು, ಅದೇ ಸದ್ದಿನಿಂದ ಶುರುವಾಗುವ ಇನ್ನೊಂದು ವಸ್ತುವನ್ನು ಹುಡುಕಿ ತರಲು ಹೇಳುವುದು, ಹೆಸರಿನ ಒಂದೊಂದು ಅಕ್ಷರಕ್ಕೂ ಒಂದೊಂದು ಚಪ್ಪಾಳೆ ತಟ್ಟುವುದು, ಪ್ರಾಸದ ಹಾಡಿನ ಕೊನೆಯ ಪದವನ್ನು ಬಿಟ್ಟು ಮಕ್ಕಳಿಂದ ಹೇಳಿಸುವುದು, ಇವೆಲ್ಲ ಅದೇ ತಯಾರಿ. ಕಥೆ ಹೇಳುವುದಂತೂ ದಿನವೂ ಇರುತ್ತದೆ, ಒಂದೇ ಕಥೆಯನ್ನು ಮತ್ತೆ ಮತ್ತೆ ಕೇಳುವ ಮಕ್ಕಳ ಹಟವನ್ನು ನಾನು ಯಾವತ್ತೂ ತಡೆಯುವುದಿಲ್ಲ.

ಜೊತೆಗಿರುವುದನ್ನು ಕಲಿಯುವುದು ಎಲ್ಲಕ್ಕಿಂತ ನಿಧಾನದ ಪಾಠ. ಮಿಲ್ಡ್ರೆಡ್ ಪಾರ್ಟನ್ ಎಂಬ ಸಂಶೋಧಕಿ 1932ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂಟಿಯಾಗಿ ಆಡುವುದು, ಪಕ್ಕದಲ್ಲಿ ಕುಳಿತೂ ತಮ್ಮ ತಮ್ಮ ಆಟವನ್ನೇ ಆಡುವುದು, ಸಾಮಾನು ಹಂಚಿಕೊಂಡು ಆಡುವುದು, ಕೊನೆಗೆ ಒಂದೇ ಉದ್ದೇಶಕ್ಕಾಗಿ ಎಲ್ಲರೂ ಸೇರಿ ಆಡುವುದು ಎಂದು ಮಕ್ಕಳ ಆಟದಲ್ಲಿ ಬೇರೆ ಬೇರೆ ಬಗೆಗಳನ್ನು ವಿವರಿಸಿದ್ದಾರೆ. ವರ್ಷದ ಆರಂಭದಲ್ಲಿ ನನ್ನ ತರಗತಿಯಲ್ಲಿ ಪಕ್ಕಪಕ್ಕದ ಆಟವೇ ಹೆಚ್ಚು. ಆಸ್ಪತ್ರೆಯಾಟ ಶುರುವಾಗುವ ಹೊತ್ತಿಗೆ ಚಿತ್ರ ಬದಲಾಗಿರುತ್ತದೆ: ಎಲ್ಲರಿಗೂ ಡಾಕ್ಟರ್ ಆಗಬೇಕು, ರೋಗಿಯಾಗಲು ಯಾರೂ ಒಲ್ಲರು. ಅಳು, ಮುನಿಸು, ಚೌಕಾಸಿಗಳ ನಂತರ "ಮೊದಲು ನೀನು ಡಾಕ್ಟರು, ಆಮೇಲೆ ನಾನು" ಎಂಬ ಒಪ್ಪಂದ ಹುಟ್ಟುತ್ತದೆ. ಆ ಒಪ್ಪಂದವನ್ನು ನಾನೇ ಮಾಡಿಕೊಟ್ಟಿದ್ದರೆ ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು, ಮಕ್ಕಳಿಗೆ ದಕ್ಕುವುದು ಮಾತ್ರ ಏನೂ ಇರುತ್ತಿರಲಿಲ್ಲ. ಯಾರಿಗೂ ಪೆಟ್ಟಾಗದಂತೆ ನೋಡಿಕೊಂಡು ದೂರದಲ್ಲಿ ನಿಂತಿರುವುದು ಈ ವೃತ್ತಿಯಲ್ಲಿ ನಾನು ಕಷ್ಟಪಟ್ಟು ರೂಢಿಸಿಕೊಂಡ ಅಭ್ಯಾಸ.

ಚಪ್ಪಲಿಯನ್ನು ಜಾಗದಲ್ಲಿಡುವುದು, ಗುಂಡಿ ಹಾಕಿಕೊಳ್ಳುವುದು, ಕೈ ತೊಳೆಯುವುದು, ತನ್ನ ಸರದಿಗೆ ಕಾಯುವುದು ಇವುಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ; ಮನೆಯಲ್ಲೂ ಅದಕ್ಕೆ ಸಮಯ ಕೊಟ್ಟರೆ ಸಾಕು, ಅವಸರದಲ್ಲಿ ನಾವೇ ಮಾಡಿಬಿಡಬಾರದು.

ಪೋಷಕರಲ್ಲಿ ನನ್ನದೊಂದು ಕೋರಿಕೆಯಿದೆ. ಮಗು ಮನೆಗೆ ತಂದ ಚಿತ್ರವನ್ನು ನೋಡಿ "ಇದೇನು?" ಎಂದು ಕೇಳುವ ಬದಲು "ಇದರ ಬಗ್ಗೆ ಹೇಳು" ಎನ್ನಿ. ಅದು ಹೇಳಿದ್ದನ್ನು ಅದರ ಮಾತಿನಲ್ಲೇ ಚಿತ್ರದ ಕೆಳಗೆ ಬರೆದು, ಪ್ರತಿ ಪದದ ಮೇಲೂ ಬೆರಳಿಟ್ಟು ಓದಿ ತೋರಿಸಿ. ತಾನಾಡಿದ ಮಾತು ಕಾಗದದ ಮೇಲೆ ಉಳಿಯುತ್ತದೆ, ನಾಳೆ ಓದಿದರೂ ಅದೇ ಮಾತು ಬರುತ್ತದೆ ಎಂಬುದು ಮಗುವಿಗೆ ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಜೊತೆಗೆ ದಿನಾಂಕವನ್ನೂ ಹಾಕಿಡಿ. ವರ್ಷದ ಮೊದಲ ತಿಂಗಳ ಚಿತ್ರದಲ್ಲಿ ಅಪ್ಪನೆಂದರೆ ಒಂದು ದೊಡ್ಡ ತಲೆ, ಅದರಿಂದಲೇ ಇಳಿದ ಎರಡು ಕಾಲು. ಕೊನೆಯ ತಿಂಗಳಿನದರಲ್ಲಿ ಹೊಟ್ಟೆಯೂ ಕತ್ತೂ ಬಂದಿರುತ್ತವೆ, ಕೆಲವೊಮ್ಮೆ ಎಣಿಸಿ ಬರೆದ ಐದೈದು ಬೆರಳುಗಳೂ ಇರುತ್ತವೆ.